ಹಾಳೆರಾಯರ ಹೆಬ್ಬೆರಳು

ಪಿಯಾನೋ ನುಡಿಸುವವರ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ. ಪಿಯಾನೋ ತಯಾರಿಸಿದ ಬಡಗಿಯ ಬಗ್ಗೆಯೂ ಯಾರಾದರೂ ಆಗಾಗ ಎರಡು ಒಳ್ಳೆಯ ಮಾತು ಬರೆಯುವುದುಂಟು. ಆದರೆ ನುಡಿಸುವವರ ಎಡಗಡೆ ಸ್ಟೂಲು ಹಾಕಿಕೊಂಡು, ಕೆಮ್ಮು ಬಂದರೂ ನುಂಗಿಕೊಂಡು ಕೂತು, ಸರಿಯಾದ ಗಳಿಗೆಗೆ ಎದ್ದು ಸ್ವರಪುಸ್ತಕದ ಹಾಳೆ ತಿರುವಿ, ಸದ್ದಿಲ್ಲದೆ ಮತ್ತೆ ಕೂರುವ ಮನುಷ್ಯನ ಬಗ್ಗೆ ಯಾವ ವಿಮರ್ಶಕನೂ ಇದುವರೆಗೆ ಒಂದು ಸಾಲು ಗೀಚಿದ್ದು ನಮಗೆ ಗೊತ್ತಿಲ್ಲ. ಆ ಅನ್ಯಾಯವನ್ನು ಸರಿಪಡಿಸುವ ಕೆಲಸ ನಮ್ಮ ಪಾಲಿಗೆ ಬಂದಿದೆ.

ನಮ್ಮ ಹಾಳೆರಾಯರು ಅಂಥ ಮನುಷ್ಯ. ನಿಜವಾದ ಹೆಸರು ಬೇರೆ ಏನೋ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಹಗಲು ಸಾರ್ವಜನಿಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಗೋಂದು ಹಚ್ಚಿ ರಿಪೇರಿ ಮಾಡುವುದು, ಸಂಗೀತ ಇದ್ದ ದಿನ ಸಂಜೆ ಊರಿನ ಸಭಾಂಗಣದಲ್ಲಿ ಹಾಳೆ ತಿರುವುವುದು, ಇಷ್ಟೇ ಅವರ ಬದುಕು. ಪಿಯಾನೋ ಪಾಠ ಹೇಳುತ್ತಿದ್ದ ಸೋದರತ್ತೆ ಏಳು ವರ್ಷ ಒದ್ದಾಡಿ, ಕೊನೆಗೆ, "ಇದು ನಿನ್ನ ಬೆರಳಿಗೆ ಹತ್ತಲ್ಲ ಕಣೋ. ಕಣ್ಣಿಗೆ ಮಾತ್ರ ಹತ್ತಿದೆ. ನುಡಿಸೋರ ಪಕ್ಕ ಹೋಗಿ ಕೂತ್ಕೋ" ಎಂದು ಹೇಳಿ ಕೈಬಿಟ್ಟಿದ್ದಳು. ಅತ್ತೆಯ ಮಾತನ್ನು ರಾಯರು ಅಕ್ಷರಶಃ ಪಾಲಿಸಿದರು. ಸಭಾಂಗಣದ ಕುರ್ಚಿಗಳು ಕಿರ್ರೆನ್ನುತ್ತವೆ ಎಂದು ಮನೆಯ ಅಡುಗೆಕೋಣೆಯ ಸ್ಟೂಲನ್ನೇ ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗುತ್ತಿದ್ದರು. ಅವತ್ತೆಲ್ಲ ಅವರ ಹೆಂಡತಿ ನಿಂತುಕೊಂಡೇ ತರಕಾರಿ ಹೆಚ್ಚುತ್ತಿದ್ದಳು.

ವರ್ಷಕ್ಕೊಮ್ಮೆ ಆ ಸಭಾಂಗಣಕ್ಕೆ ಪಿಯಾನೋ ಮೇಡಂ ಬರುತ್ತಿದ್ದರು. ದೇಶಕ್ಕೇ ದೊಡ್ಡ ಕಲಾವಿದೆ, ಕೋಪದಲ್ಲೂ ದೊಡ್ಡವರೇ. ಹತ್ತೊಂಬತ್ತು ವರ್ಷ ರಾಯರು ಅವರ ಪಕ್ಕ ಕೂತಿದ್ದರು. ಅಷ್ಟೂ ವರ್ಷಗಳಲ್ಲಿ ಮೇಡಂ ಅವರೊಂದಿಗೆ ಆಡಿದ ಮಾತು ಒಂದೇ, "ಜರುಗಿ." ಉಳಿದದ್ದೆಲ್ಲ ಗಲ್ಲದಲ್ಲಿ. ಗಲ್ಲ ಒಂದಿಷ್ಟು ಕೆಳಗಿಳಿದರೆ ಹಾಳೆ ತಿರುವಬೇಕು, ಅಷ್ಟೇ. ಆ ಗಲ್ಲವನ್ನು ನೋಡಿದಷ್ಟು ಶ್ರದ್ಧೆಯಿಂದ ರಾಯರು ತಮ್ಮ ಹೆಂಡತಿಯ ಮುಖವನ್ನೂ ನೋಡಿರಲಿಲ್ಲ ಎಂದು ಹೆಂಡತಿಯೇ ಹೇಳುತ್ತಿದ್ದಳು.

ಇಪ್ಪತ್ತನೇ ವರ್ಷ ಗ್ರಹಚಾರ ಕೆಟ್ಟಿತು. ಆ ಸಂಜೆ ಧ್ವನಿಮುದ್ರಣವೂ ಇತ್ತು. ರಾಯರು ಒಂದು ಹಳೆಯ ಭೂಪಟದ ಪುಸ್ತಕದ ಬೆನ್ನಿಗೆ ಗೋಂದು ಹಚ್ಚುತ್ತ ಹೊತ್ತು ಮರೆತು, ಕೈ ತೊಳೆಯದೆ ಎದ್ದುಬಿದ್ದು ಓಡಿಬಂದರು. ಇನ್ನೂರು ವರ್ಷದ ಹಿಂದಿನ ಒಂದು ದೊಡ್ಡ ಕೃತಿ, ಅದರ ಮೂರನೇ ಭಾಗ. ಮೇಡಂ ಇಪ್ಪತ್ಮೂರನೇ ಪುಟದ ಕೊನೆಗೆ ಬಂದರು. ಗಲ್ಲ ಇಳಿಯಿತು. ರಾಯರು ಎದ್ದು ಎಡಗೈ ಹೆಬ್ಬೆರಳಿನಿಂದ ಹಾಳೆ ತಿರುವಿದರು. ಹೆಬ್ಬೆರಳಿನ ಗೋಂದು ಒಂದರ ಜೊತೆ ಇನ್ನೊಂದು ಹಾಳೆಯನ್ನೂ ಎಳೆದುಕೊಂಡು ಬಂತು. ಇಪ್ಪತ್ನಾಲ್ಕು, ಇಪ್ಪತ್ತೈದನೇ ಪುಟಗಳು ಮಾಯ! ಮೆಲ್ಲಗೆ ಹರಿಯುತ್ತಿದ್ದ ಸಂಗೀತದ ಮುಂದೆ ಇಪ್ಪತ್ತಾರನೇ ಪುಟದ ಗುಡುಗು ಬಂದು ನಿಂತಿತ್ತು. ಮೇಡಂ ಅರೆಕ್ಷಣ ಬೆರಳನ್ನು ಗಾಳಿಯಲ್ಲಿ ತಡೆದು, ಹಲ್ಲು ಕಚ್ಚಿ, ನೇರ ಗುಡುಗಿಗೇ ಹಾರಿದರು.

ಕಾರ್ಯಕ್ರಮ ಮುಗಿದ ಮೇಲೆ ಮೇಡಂ ಎರಡನೇ ಸಲ ಮಾತಾಡಿದರು. "ಇನ್ಮೇಲೆ ನನ್ನ ಪಕ್ಕ ಕೂರ್ಬೇಡಿ." ಸಭಾಂಗಣದ ಮ್ಯಾನೇಜರು ಸ್ಟೂಲನ್ನು ತಾವೇ ಎತ್ತಿ ತಂದು ಕ್ಯಾರಿಯರ್‌ಗೆ ಕಟ್ಟಿಕೊಟ್ಟರು. ಅವರು ಯಾರಿಗಾದರೂ ಮಾಡಿದ ಸಹಾಯ ಅದೊಂದೇ.

ಆ ಸ್ಟೂಲು ಮತ್ತೆ ಅಡುಗೆಕೋಣೆಗೆ ಹೋಗಲಿಲ್ಲ. ರಾಯರು ಅದನ್ನು ನಡುಮನೆಯಲ್ಲಿಟ್ಟು, "ಇದರ ಮೇಲೆ ಯಾರೂ ಕೂರ್ಬಾರ್ದು" ಎಂದು ಅಪ್ಪಣೆ ಹೊರಡಿಸಿದರು. ಹೆಂಡತಿ ಈಗ ವರ್ಷವಿಡೀ ನಿಂತುಕೊಂಡೇ ತರಕಾರಿ ಹೆಚ್ಚಬೇಕಾಯಿತು.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಪತ್ರಿಕೆ ಓದುತ್ತಿದ್ದ ರಾಯರು ಬಿಸಿ ಕಾಫಿಯನ್ನು ತೊಡೆಯ ಮೇಲೆ ಚೆಲ್ಲಿಕೊಂಡು, "ನಂದು! ಇದು ನಂದು!" ಎಂದು ಕೂಗಿದರು.

"ಕಾಫಿ ನಿಮ್ದೇ, ಯಾರು ಇಲ್ಲ ಅಂದ್ರು?" ಎಂದಳು ಹೆಂಡತಿ.

ಸುದ್ದಿ ಏನೆಂದರೆ, ಶಾಸ್ತ್ರೀಯ ಸಂಗೀತದಲ್ಲಿ ಅಸಾಮಾನ್ಯ ಸಾಧನೆ ಮಾಡಿದವರಿಗೆ ಕೊಡುವ ಅಂತರರಾಷ್ಟ್ರೀಯ ಪುರಸ್ಕಾರ ಆ ಸಂಜೆಯ ಧ್ವನಿಮುದ್ರಣಕ್ಕಾಗಿ ಪಿಯಾನೋ ಮೇಡಂಗೆ ಬಂದಿತ್ತು. ತೀರ್ಪುಗಾರರು ಒಕ್ಕೊರಲಿನಿಂದ ಕೊಂಡಾಡಿದ್ದು ಮೂರನೇ ಭಾಗದ ನಡುವೆ ಮೇಡಂ ಹಾರಿದ ಆ ಹಾರಿಕೆಯನ್ನು. "ಇನ್ನೂರು ವರ್ಷಗಳಲ್ಲಿ ಯಾರಿಗೂ ಬಾರದ ಧೈರ್ಯ" ಎಂದು ಅವರು ಬರೆದಿದ್ದರು.

"ಧೈರ್ಯ ಅಲ್ಲ ಕಣೇ, ಗೋಂದು!" ಎಂದು ರಾಯರು ಎಡಗೈ ಹೆಬ್ಬೆರಳನ್ನು ಹೆಂಡತಿಯ ಮೂಗಿನ ಹತ್ತಿರ ಹಿಡಿದರು. "ಇದು ಮಾಡಿದ್ದು. ಇದೇ!"

"ಅಲ್ರೀ, ತಪ್ಪು ಮಾಡಿ ಹೊರಗೆ ಹಾಕಿಸ್ಕೊಂಡು ಬಂದೋರು ನೀವು. ಈಗ ಅದೇ ತಪ್ಪಿಗೆ ಬಹುಮಾನದಲ್ಲಿ ಪಾಲು ಕೇಳ್ತೀರಾ? ನಾಚ್ಕೆ ಆಗಲ್ವಾ?"

"ಪಾಲು ಯಾರಿಗೆ ಬೇಕು? ನನ್ನ ಸ್ಟೂಲು ಅಲ್ಲಿಗೆ ವಾಪಸ್ ಹೋಗ್ಬೇಕು. ತಪ್ಪು ಅಂತ ನನ್ನ ಓಡಿಸಿದ್ರು. ಈಗ ಅದೇ ಸಾಧನೆ ಅಂತಾರೆ. ಸಾಧನೆ ಮಾಡಿದೋನ್ನ ಯಾರಾದ್ರೂ ಓಡಿಸ್ತಾರಾ?"

ಹೆಂಡತಿ ತಮ್ಮನಿಗೆ ಹೇಳಿಕಳಿಸಿದಳು. ವಾದದಲ್ಲಿ ಸೋತಾಗೆಲ್ಲ ಅವಳು ಮಾಡುತ್ತಿದ್ದುದು ಇದನ್ನೇ. ಈ ಭಾವಮೈದ ವಿಮೆ ಏಜೆಂಟು. ಜಗತ್ತಿನಲ್ಲಿ ಅವನಿಗೆ ಬಾರದ ವಿಷಯವಿಲ್ಲ, ಬಂದ ವಿಷಯವೂ ಇಲ್ಲ. ಪುರಸ್ಕಾರ ಸಮಿತಿಗೆ ರಾಯರು ಬರೆದಿಟ್ಟಿದ್ದ ಪತ್ರವನ್ನು ಅವನು ಕೈಗೆತ್ತಿಕೊಂಡು ಮೂಗು ಮುರಿದ.

"ಏನ್ ಭಾವ ಇದು? 'ನಾನು ಹಾಳೆ ತಿರುವುವವನು' ಅಂತ ಬರೆದ್ರೆ ಲಕೋಟೆ ಕೂಡ ಒಡೆಯಲ್ಲ ಅವ್ರು. ಘನತೆ ಬೇಡ್ವಾ? ಹಾಳೆ, ಗೋಂದು, ಸ್ಟೂಲು ಎಲ್ಲ ತೆಗೀರಿ."

"ಎಲ್ಲ ತೆಗೆದ್ರೆ ಇನ್ನೇನಪ್ಪಾ ಉಳಿಯುತ್ತೆ?"

"ಘನತೆ ಉಳಿಯುತ್ತೆ."

ಹೀಗೆ ಘನತೆಯೊಂದನ್ನೇ ಉಳಿಸಿಕೊಂಡು ಆ ಪತ್ರ ಹೊರಟಿತು: 'ಇಪ್ಪತ್ತು ವರ್ಷ ಮೇಡಂ ಅವರ ಎಡಗಡೆ ಕೂತು ಅವರ ಮುಂದಿನ ದಾರಿಯನ್ನು ತೆರೆದು ತೋರಿಸಿದವನು ನಾನು. ತಾವು ಮೆಚ್ಚಿದ ಹಾರಿಕೆ ಹುಟ್ಟಿದ್ದು ನನ್ನಿಂದ. ಮೇಡಂ ಇದನ್ನು ಅಲ್ಲಗಳೆಯಲಾರರು.'

ಸಮಿತಿಯವರು ವಿದ್ವಾಂಸರು. ವಿದ್ವಾಂಸರಿಗೆ ಇಂಥ ಪತ್ರ ಸಿಕ್ಕರೆ ಏನು ತಿಳಿದುಕೊಳ್ಳುತ್ತಾರೋ ಅದನ್ನೇ ಅವರೂ ತಿಳಿದುಕೊಂಡರು. ಮೂರೇ ವಾರದಲ್ಲಿ ಮೊಹರು ಹಾಕಿದ ಉತ್ತರ ಬಂತು. ಮೇಡಂ ಅವರ ಅಜ್ಞಾತ ಗುರು ಇನ್ನೂ ನಮ್ಮ ನಡುವೆ ಇದ್ದಾರೆಂದು ತಿಳಿದು ಸಮಿತಿಗೆ ರೋಮಾಂಚನವಾಗಿದೆ. ಅದೇ ಸಭಾಂಗಣದಲ್ಲಿ ಮೇಡಂ ಅದೇ ಕೃತಿಯನ್ನು ಮತ್ತೆ ನುಡಿಸಲಿದ್ದಾರೆ. ಸಮಿತಿಯ ಪ್ರತಿನಿಧಿ ಬಂದು ಶಿಷ್ಯೆಗೆ ಪುರಸ್ಕಾರವನ್ನೂ ಗುರುವಿಗೆ ಪದಕವನ್ನೂ ಕೊಡಲಿದ್ದಾರೆ.

ಅಂಚೆಯವನು ದಾರಿಯಲ್ಲೇ ಲಕೋಟೆ ಒಡೆದು ಓದಿ ಹೇಳಿದ್ದರಿಂದ ಸುದ್ದಿ ರಾಯರಿಗಿಂತ ಮೊದಲು ಬೀದಿಗೆ ಗೊತ್ತಾಯಿತು. ಎದುರುಮನೆಯ ಔಷಧಿ ಅಂಗಡಿಯವರು ಬಂದು ಕೈ ಮುಗಿದರು. ಇದೇ ಔಷಧಿ ಅಂಗಡಿಯವರು ಹಿಂದೊಮ್ಮೆ ರಾಯರ ಸೈಕಲ್ ತಮ್ಮ ಗೋಡೆಗೆ ಒರಗಿದ್ದಕ್ಕೆ ಹದಿನೈದು ದಿನ ಮಾತು ಬಿಟ್ಟಿದ್ದವರು.

"ನಮ್ಮ ಬೀದೀಲೇ ಇಷ್ಟು ದೊಡ್ಡ ಗುರುಗಳು! ಒಂದ್ ಮಾತೂ ಹೇಳ್ಲಿಲ್ವಲ್ಲ ನೀವು!"

"ನಾನು ಗುರು ಅಲ್ಲ ಸ್ವಾಮಿ. ಹಾಳೆ ತಿರುವೋನು" ಎಂದರು ರಾಯರು.

ಔಷಧಿ ಅಂಗಡಿಯವರ ಕಣ್ಣು ತುಂಬಿಬಂತು. "ಎಂಥ ವಿನಯ!"

ಅಲ್ಲಿಂದ ಶುರುವಾಯಿತು ರಾಯರ ಗೋಳು. ನಿಜ ಹೇಳಿದಷ್ಟೂ ಅವರ ಕೀರ್ತಿ ಏರುತ್ತ ಹೋಯಿತು. ಗ್ರಂಥಾಲಯದಲ್ಲಿ ಗ್ರಂಥಪಾಲಕರು ತಮ್ಮ ಮೆತ್ತನೆಯ ಕುರ್ಚಿಯನ್ನು ರಿಪೇರಿ ಕೋಣೆಗೆ ಕಳಿಸಿದರು. "ಸರ್, ನನಗೆ ಬರೋದು ಗೋಂದು ಹಚ್ಚೋದೊಂದೇ" ಎಂದು ರಾಯರು ಅಂಗಲಾಚಿದರೆ, ಅವರು ಸಿಬ್ಬಂದಿಯತ್ತ ತಿರುಗಿ, "ಕೇಳಿಸ್ಕೊಂಡ್ರಾ? ನೀವೂ ಇದ್ದೀರ, ಒಂದು ಬೀರು ಒರೆಸಿದ್ರೆ ಊರಿಗೆಲ್ಲ ಹೇಳ್ಕೊಂಡು ಬರ್ತೀರ" ಎಂದು ಬೈದರು. ಇಬ್ಬರು ತಾಯಂದಿರು ಪಾಠಕ್ಕೆ ಸೇರಿಸಿಕೊಳ್ಳಿ ಎಂದು ಹೆಣ್ಣುಮಕ್ಕಳನ್ನು ಕರೆತಂದರು. "ನನಗೆ ನುಡಿಸೋಕೆ ಬರಲ್ಲಮ್ಮ!" ಎಂದು ರಾಯರು ಕೂಗಿದರು. ನುಡಿಸದೇ ಕಲಿಸುವ ಗುರು ಎಂದು ಅವರ ಹೆಸರು ಪಕ್ಕದೂರಿಗೂ ಹಬ್ಬಿತು. ಭಾವಮೈದನಂತೂ 'ಗುರುಗಳ ಭಾವಮೈದ' ಎಂದು ಹೇಳಿಕೊಂಡೇ ವಾರಕ್ಕೆ ನಾಲ್ಕು ವಿಮೆ ಮಾಡಿಸಿದ.

ಕೊನೆಗೆ ಸಭಾಂಗಣದ ಮ್ಯಾನೇಜರೇ ಮನೆಗೆ ಬಂದರು. ನಡುಮನೆಯಲ್ಲಿ ಸ್ಟೂಲನ್ನು ಕಂಡು, ಅದರ ಮೇಲೆ ಕೂರಲು ಹೋಗಿ, ಮನೆಯವರ ಮುಖ ನೋಡಿ ಮತ್ತೆ ಎದ್ದು ನಿಂತರು.

"ರಾಯರೇ, ನಿಮ್ಮನ್ನ ಮೊದಲನೇ ಸಾಲಲ್ಲಿ ಕೂರಿಸ್ತೀವಿ. ವೆಲ್ವೆಟ್ ಕುರ್ಚಿ."

"ನನಗೆ ವೆಲ್ವೆಟ್ ಬೇಡ. ಈ ಸ್ಟೂಲು ವೇದಿಕೆ ಮೇಲೆ, ಪಿಯಾನೋದ ಎಡಗಡೆ. ಇಲ್ಲಾಂದ್ರೆ ನಾನು ಬರಲ್ಲ."

"ನೋಡಿ, ನಿಮ್ಮ ವಿಷಯ ನನಗೆ ಗೊತ್ತು, ನನ್ನ ವಿಷಯ ನಿಮಗೆ ಗೊತ್ತು. ಸುಮ್ನೆ ಪದಕ ಹಾಕಿಸ್ಕೊಳ್ಳಿ. ಗುರು ಅಂತ ಇಡೀ ಊರು ಅಂತಿದೆ, ನಿಮಗೇನ್ರೀ ಕಷ್ಟ?"

"ನಾನು ಗುರು ಅಲ್ಲ, ಅದೇ ಕಷ್ಟ. ನಾನು ಏನೋ ಅದಕ್ಕೆ ಜಾಗ ಕೊಡಿ."

ಮ್ಯಾನೇಜರು ಹೋದ ಮೇಲೆ ಹೆಂಡತಿ ಸ್ಟೂಲಿನ ಮೇಲಿನ ಧೂಳು ಒರೆಸಿದಳು.

ಅವತ್ತು ಮಧ್ಯಾಹ್ನ ಭಾವಮೈದ ಆ ಧ್ವನಿಮುದ್ರಿಕೆಯನ್ನು ತಂದು ಹಾಕಿದ. ಬೀದಿಯ ಜನ ನಡುಮನೆಯಲ್ಲಿ ತುಂಬಿಕೊಂಡು ಕೇಳಿದರು. ಹಾರಿಕೆ ಬಂದಾಗ ಎಲ್ಲರೂ ಆಹಾ ಎಂದರು. ರಾಯರೊಬ್ಬರೇ ಮಂಕಾದರು. ಇಪ್ಪತ್ನಾಲ್ಕು, ಇಪ್ಪತ್ತೈದನೇ ಪುಟಗಳೆಂದರೆ ಅವರಿಗೆ ಜೀವ. ಸೋದರತ್ತೆ ಪಾಠವೆಲ್ಲ ಮುಗಿದು ಮಕ್ಕಳು ಮನೆಗೆ ಹೋದ ಮೇಲೆ ತನ್ನ ಪಾಡಿಗೆ ನುಡಿಸಿಕೊಳ್ಳುತ್ತಿದ್ದುದು ಆ ಎರಡು ಪುಟಗಳನ್ನೇ. ಹುಡುಗನಾಗಿದ್ದ ರಾಯರು ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದರು. ಅಂಥದ್ದನ್ನು ತಮ್ಮ ಹೆಬ್ಬೆರಳೇ ನುಂಗಿಹಾಕಿತ್ತು. ಹಾರಿಕೆಯನ್ನು ಇಡೀ ಜಗತ್ತು ಹೊಗಳುತ್ತಿತ್ತು. ಹಾರಿದ ಜಾಗದಲ್ಲಿ ಏನಿತ್ತು ಎಂದು ಒಬ್ಬ ನರಪಿಳ್ಳೆಯೂ ಕೇಳಲಿಲ್ಲ. ರಾಯರಿಗೆ ನಾಚಿಕೆಯಾಯಿತು, ಜೊತೆಗೆ ಸಿಟ್ಟೂ ಬಂತು.

ಕಾರ್ಯಕ್ರಮದ ಹಿಂದಿನ ದಿನ ಮೇಡಂ ಊರಿಗೆ ಬಂದು, ರಾಯರನ್ನು ಸಭಾಂಗಣಕ್ಕೆ ಕರೆಸಿದರು.

"ನನ್ನ ಗುರುಗಳು ನೀವೇನಾ?"

"ಅದು ನನ್ನ ಭಾವಮೈದನ ಘನತೆ ಮೇಡಂ. ನಾನು ಬರೆದದ್ದು ಬೇರೆ ಇತ್ತು."

ಮೇಡಂ ಅವರನ್ನು ಸುಟ್ಟುಬಿಡುವ ಹಾಗೆ ನೋಡಿದರು. ಆಮೇಲೆ ಯಾಕೋ ಕೈಚೆಲ್ಲಿ ಪಿಯಾನೋದ ಮುಂದೆ ಕೂತರು. ಅವರ ಕಷ್ಟವೂ ಸಣ್ಣದಾಗಿರಲಿಲ್ಲ. ಪುರಸ್ಕಾರದವರು ಹಾರಿಕೆಯನ್ನೇ ಕೇಳಲು ಬರುತ್ತಿದ್ದರು. ಮೇಡಂ ಎರಡು ತಿಂಗಳು ಹಾರಲು ಅಭ್ಯಾಸ ಮಾಡಿದ್ದರು. ಇಪ್ಪತ್ಮೂರನೇ ಪುಟ ಮುಗಿದೊಡನೆ ನಲವತ್ತು ವರ್ಷದ ಅಭ್ಯಾಸದ ಬೆರಳುಗಳು ತಾವಾಗಿಯೇ ಇಪ್ಪತ್ನಾಲ್ಕಕ್ಕೆ ಹೋಗಿಬಿಡುತ್ತಿದ್ದವು.

"ಎದುರಿಗೆ ಇಪ್ಪತ್ತಾರು ದಿಢೀರ್ ಅಂತ ಬಂದು ನಿಂತ್ರೆ ಮಾತ್ರ ಹಾರೋಕಾಗತ್ತೆ. ಅದಕ್ಕೇ ನಾಳೆ ನೀವು ಕೂತ್ಕೊಳ್ಳಿ. ಎರಡು ಹಾಳೆ ಒಟ್ಟಿಗೆ ತಿರುವಿ. ಆಮೇಲೆ ಪದಕ ಹಾಕಿಸ್ಕೊಂಡು, ಬಾಯಿ ಮುಚ್ಕೊಂಡು ಮನೆಗೆ ಹೋಗಿ."

"ಹೋದ ವರ್ಷ ತಿರುವಿದ್ದಕ್ಕೆ ಓಡಿಸಿದ್ರಿ."

"ಹೋದ ವರ್ಷ ನಾನು ಹೇಳಿರ್ಲಿಲ್ಲ. ಈ ವರ್ಷ ಹೇಳ್ತಿದೀನಿ."

"ಮೇಡಂ, ತಪ್ಪು ನಂದು. ಕೈಮೀರಿ ಆಗಿದ್ದು. ಹೇಳಿ ಮಾಡಿಸಿದ್ರೆ ಅದು ತಪ್ಪೂ ಅಲ್ಲ, ಸಂಗೀತವೂ ಅಲ್ಲ. ನಾನು ಒಂದೇ ಹಾಳೆ ತಿರುವೋನು."

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರು ಒಳಗೆ ಓಡಿಬಂದರು. ಪ್ರತಿನಿಧಿ ಆಗಲೇ ರೈಲು ಹತ್ತಿ ಆಗಿತ್ತು. ಮ್ಯಾನೇಜರು ಮೇಡಂ ಕಿವಿಯಲ್ಲಿ ಏನೋ ಪಿಸುಗುಟ್ಟಿ, ರಾಯರತ್ತ ತಿರುಗಿ ಸಕ್ಕರೆಯಂಥ ನಗೆ ನಕ್ಕರು. "ಒಂದೇ ತಿರುವಿ ರಾಯರೇ. ನಿಮ್ಮಿಷ್ಟ. ಸ್ಟೂಲು ತನ್ನಿ."

ಇಷ್ಟು ಸುಲಭವಾಗಿ ಗೆದ್ದದ್ದು ರಾಯರಿಗೇ ನಂಬಿಕೆಯಾಗಲಿಲ್ಲ. ನಂಬಬಾರದಾಗಿತ್ತು ಕೂಡ. ಮಾರನೆಯ ದಿನ ಮಧ್ಯಾಹ್ನ ಮ್ಯಾನೇಜರು ಇಪ್ಪತ್ನಾಲ್ಕನೇ ಪುಟದ ಅಂಚಿಗೂ ಇಪ್ಪತ್ತೈದನೇ ಪುಟದ ಅಂಚಿಗೂ ಗೋಂದು ಹಚ್ಚಿ ಎರಡನ್ನೂ ಒತ್ತಿ ಅಂಟಿಸಿಬಿಟ್ಟರು. ಇನ್ನು ರಾಯರು ಒಂದು ಹಾಳೆ ತಿರುವಿದರೂ ತಿರುಗುವುದು ಎರಡು! ಆದರೆ ಇಂಥ ಜಾಣರೆಲ್ಲ ಒಂದು ಸಣ್ಣ ವಿಷಯ ಮರೆಯುತ್ತಾರೆ. ಗೋಂದನ್ನು ಅವರು ತರಿಸಿದ್ದು ಗ್ರಂಥಾಲಯದ ರಿಪೇರಿ ಕೋಣೆಯಿಂದ.

ಸಂಜೆ ಐದಕ್ಕೆ ಸಭಾಂಗಣ ತುಂಬಿ ತುಳುಕುತ್ತಿತ್ತು. ಮೊದಲ ಸಾಲಿನಲ್ಲಿ ಪ್ರತಿನಿಧಿ, ಮೂರನೇ ಸಾಲಿನಲ್ಲಿ ಭಾವಮೈದ, ಔಷಧಿ ಅಂಗಡಿಯವರು, ಮತ್ತು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಇಲ್ಲಿಗೆ ಕಾಲಿಡದ ರಾಯರ ಹೆಂಡತಿ. ಮೈಕುಗಳು ಮತ್ತೆ ಮುದ್ರಣಕ್ಕೆ ಸಿದ್ಧವಾಗಿದ್ದವು. ರಾಯರು ಕೈಯನ್ನು ಎರಡೆರಡು ಸಲ ಸೋಪು ಹಾಕಿ ತೊಳೆದುಕೊಂಡು, ಸ್ಟೂಲು ಹಿಡಿದುಕೊಂಡು ವೇದಿಕೆಗೆ ಬಂದರು. "ಗುರುಗಳು ಸ್ಟೂಲು ತಾವೇ ಹೊರ್ತಿದಾರೆ ನೋಡಿ" ಎಂದು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಮೊದಲ ಎರಡು ಭಾಗ ಸುಸೂತ್ರವಾಗಿ ನಡೆದವು. ಮೂರನೆಯದು ಶುರುವಾಯಿತು. ಇಪ್ಪತ್ತೆರಡನೇ ಪುಟಕ್ಕೆ ಬಂದಾಗ ರಾಯರ ಕಣ್ಣು ಪುಸ್ತಕದ ಅಂಚಿಗೆ ಬಿತ್ತು. ಮುಂದಿನ ಹಾಳೆ ಯಾಕೋ ದಪ್ಪಗಿತ್ತು. ಮೂವತ್ತು ವರ್ಷ ಪುಸ್ತಕಗಳ ಜೊತೆ ಬಾಳಿದ ಮನುಷ್ಯ. ಅಂಟಿದ ಹಾಳೆಯನ್ನು ಮಾರು ದೂರದಿಂದ ಗುರುತಿಸಬಲ್ಲರು. ಗೋಂದಿನ ವಾಸನೆಯೂ ಮೂಗಿಗೆ ಬಡಿಯಿತು. ತಮ್ಮದೇ ಡಬ್ಬಿಯ ಗೋಂದು! ಅದು ಪೂರ್ತಿ ಒಣಗಲು ಒಂದು ದಿನ ಬೇಕು ಎಂಬುದು ಈ ಪ್ರಪಂಚದಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ರಾಯರು ಎದ್ದು ನಿಂತರು. ಗಲ್ಲ ಇಳಿಯಲು ಇನ್ನೂ ಒಂದೂವರೆ ಪುಟ ಬಾಕಿ ಇತ್ತು. ಮೇಡಂ ಓರೆಗಣ್ಣಿನಿಂದ ನೋಡಿ, ಹಲ್ಲಿನ ಸಂದಿಯಿಂದ, "ಕೂತ್ಕೊಳ್ಳಿ" ಎಂದರು. ರಾಯರು ಕೂರಲಿಲ್ಲ. ಹೆಬ್ಬೆರಳಿನ ಉಗುರನ್ನು ಎರಡು ಹಾಳೆಗಳ ನಡುವೆ ಮೂಲೆಯಲ್ಲಿ ತೂರಿಸಿ ಮೆಲ್ಲಗೆ ಬಿಡಿಸತೊಡಗಿದರು. ಪರ್ರ್... ತಗ್ಗಿದ ದನಿಯ ಸಂಗೀತದ ನಡುವೆ ಆ ಸದ್ದು ಬಾಲ್ಕನಿಯ ಕೊನೆಯ ಸಾಲಿಗೂ ಕೇಳಿಸಿತು. "ಬಿಡಿ" ಎಂದರು ಮೇಡಂ. ಅವರ ಎರಡು ಕೈಗೂ ಹತ್ತು ಬೆರಳಿನ ಕೆಲಸವಿತ್ತು. ಹನ್ನೊಂದನೇ ಬೆರಳಿದ್ದಿದ್ದರೆ ಅದು ರಾಯರ ಕಣ್ಣಿಗೇ ಹೋಗುತ್ತಿತ್ತು. ಪರ್ರ್... ಪರದೆಯ ಪಕ್ಕದಲ್ಲಿ ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೂತರು. ಮೊದಲ ಸಾಲಿನಲ್ಲಿ ಪ್ರತಿನಿಧಿ ಕಣ್ಣು ಮುಚ್ಚಿ ತಲೆದೂಗಿದರು.

ಇಪ್ಪತ್ಮೂರನೇ ಪುಟದ ಕೊನೆಯ ಸಾಲು. ಗಲ್ಲ ಇಳಿಯಿತು. ಕಡೆಯ ಎಳೆಯೂ ಬಿಟ್ಟುಕೊಂಡಿತು. ರಾಯರು ಒಂದು ಹಾಳೆ, ಒಂದೇ ಒಂದು ಹಾಳೆ ತಿರುವಿದರು.

ಇಪ್ಪತ್ನಾಲ್ಕನೇ ಪುಟ ಕಣ್ಣೆದುರು ಬಂದೊಡನೆ ಮೇಡಂ ಬೆರಳುಗಳು ಹಳೆಯ ಮನೆಗೆ ಹೊಕ್ಕಂತೆ ಅದರೊಳಗೆ ಇಳಿದವು. ಹಾರಿಕೆ ಬರುತ್ತದೆಂದು ಕುರ್ಚಿಯ ತುದಿಗೆ ಬಂದು ಕೂತಿದ್ದ ಜನ ಏನಾಯಿತೆಂದು ತಿಳಿಯದೆ ಹಾಗೇ ಉಳಿದರು. ಮೆಲ್ಲನೆಯ, ತನ್ನ ಪಾಡಿಗೆ ತಾನಿರುವ ಸಂಗೀತ. ಔಷಧಿ ಅಂಗಡಿಯವರು ಹಿಂದಕ್ಕೆ ಒರಗಿದರು. ಸ್ಟೂಲಿನ ಮೇಲೆ ಕೂತ ರಾಯರಿಗೆ ಅತ್ತೆಯ ಮನೆಯ ಕಿಟಕಿ ನೆನಪಾಗಿ ಅಳು ಬಂತು. ಕೆಮ್ಮು ನುಂಗಿ ಅಭ್ಯಾಸವಿದ್ದವರು, ಅಳುವನ್ನೂ ನುಂಗಿಕೊಂಡರು.

ಕೃತಿ ಮುಗಿಯಿತು. ಚಪ್ಪಾಳೆ ನಿಂತ ಮೇಲೆ ಪ್ರತಿನಿಧಿ ವೇದಿಕೆ ಹತ್ತಿ, ಪದಕ ಹಿಡಿದುಕೊಂಡು ಗೊಂದಲದಿಂದ ಕೇಳಿದರು, "ಮೇಡಂ, ಆ ಹಾರಿಕೆ?"

ಮೇಡಂ ರಾಯರ ಕಡೆ ನೋಡಿದರು. ರಾಯರೂ ತಲೆ ತಗ್ಗಿಸದೆ ಅವರನ್ನು ನೋಡಿದರು. ಓಡಿಸುವುದಿದ್ದರೆ ಈಗಲೇ ಓಡಿಸಲಿ ಎಂದು ಸ್ಟೂಲನ್ನು ಕೈಯಲ್ಲಿ ಎತ್ತಿಕೊಂಡೂ ಆಗಿತ್ತು.

"ಹಾರಿಕೆ ನಂದಲ್ಲ" ಎಂದರು ಮೇಡಂ ಮೈಕಿನಲ್ಲಿ. "ಇವರು ಹೋದ ವರ್ಷ ತಪ್ಪಿ ಎರಡು ಹಾಳೆ ತಿರುವಿದ್ರು. ನಾನು ಸಿಕ್ಕಿಹಾಕ್ಕೊಂಡೆ. ಇವರು ನನ್ನ ಗುರುವೂ ಅಲ್ಲ. ಹಾಳೆ ತಿರುವೋರು. ಇವತ್ತು ನಾವು ಮೋಸ ಮಾಡೋಕೆ ಹೊರಟಿದ್ವಿ. ಇವರು ಬಿಡಲಿಲ್ಲ."

ಔಷಧಿ ಅಂಗಡಿಯವರು ಎದ್ದು, "ಗುರುವಿಗೆ ತಕ್ಕ ಶಿಷ್ಯೆ! ಎಂಥ ವಿನಯ!" ಎಂದು ಕೂಗಿದರು. ಇಡೀ ಸಭಾಂಗಣ ಎದ್ದು ಚಪ್ಪಾಳೆ ತಟ್ಟಿತು. ಪ್ರತಿನಿಧಿ ಕಣ್ಣೊರೆಸಿಕೊಂಡು ರಾಯರ ಕೊರಳಿಗೆ ಪದಕ ಹಾಕಿಬಿಟ್ಟರು. ಬೇಡ ಎನ್ನಲು ರಾಯರ ಎರಡು ಕೈಯಲ್ಲೂ ಸ್ಟೂಲು ಇತ್ತು.

ಒಳಕೋಣೆಯಲ್ಲಿ ರಾಯರು ಪದಕವನ್ನು ಬಿಚ್ಚಿ ಮೇಜಿನ ಮೇಲಿಟ್ಟರು. "ಇದು ನಂದಲ್ಲ ಮೇಡಂ. ಬರ್ತೀನಿ" ಎಂದು ಸ್ಟೂಲು ಎತ್ತಿಕೊಂಡು ಬಾಗಿಲ ತನಕ ಹೋದರು. ಮ್ಯಾನೇಜರು ಹೋದ ವರ್ಷದಂತೆಯೇ ಹಗ್ಗ ಹಿಡಿದು ಓಡಿಬಂದರು.

"ರೀ, ಹಾಳೆಯವರೇ" ಎಂದರು ಮೇಡಂ. "ಅದನ್ನ ಎಲ್ಲಿಗೆ ಒಯ್ತಿದೀರಾ? ಮುಂದಿನ ವರ್ಷ ಮತ್ತೆ ಹೊತ್ಕೊಂಡು ಬರ್ಬೇಕಲ್ಲ. ಪಿಯಾನೋ ಪಕ್ಕದಲ್ಲೇ ಇರ್ಲಿ." ಆಮೇಲೆ ಎಂದಿನ ಕೋಪದ ದನಿಯಲ್ಲೇ, "ಕೈ ಮಾತ್ರ ತೊಳ್ಕೊಂಡು ಬನ್ನಿ" ಎಂದರು.

ಹೊರಗೆ ಹೆಂಡತಿ ಸೈಕಲ್ ಹಿಡಿದುಕೊಂಡು ಕಾಯುತ್ತಿದ್ದಳು. ಬರಿಗೈಯಲ್ಲಿ ಬಂದ ಗಂಡನನ್ನು ನೋಡಿ ಗಾಬರಿಯಾಗಿ, "ಸ್ಟೂಲು ಕಿತ್ಕೊಂಡ್ರಾ?" ಎಂದಳು.

"ಅಲ್ಲೇ ಇರುತ್ತಂತೆ. ಇನ್ಮೇಲೆ ಅಲ್ಲೇ."

ಹೆಂಡತಿ ಸೈಕಲನ್ನು ಗಂಡನ ಕೈಗೆ ಕೊಟ್ಟು, "ಮಧ್ಯೆ ಮೆಲ್ಲಗೆ ಏನೋ ನುಡಿಸಿದ್ರಲ್ಲ, ನೀವು ಒಂದೇ ಹಾಳೆ ತಿರುವಿದ ಮೇಲೆ... ಅದು ಚೆನ್ನಾಗಿತ್ತು ರೀ" ಎಂದಳು.

ರಾಯರು ಸೈಕಲ್ ಹತ್ತಿದರು. ಇಪ್ಪತ್ತು ವರ್ಷ ಸ್ಟೂಲು ಕೂತಿದ್ದ ಕ್ಯಾರಿಯರ್ ಮೇಲೆ ಹೆಂಡತಿ ಸೆರಗು ಸರಿಮಾಡಿಕೊಂಡು ಕೂತಳು.